ಕೇಸ್ ಹಾಕುವ ಮೊದಲು ಟ್ರ್ಯಾಕ್ ನೋಡಿ: ಇಂಗ್ಲೆಂಡಿನ ಸಿವಿಲ್ ಕೋರ್ಟಿನಲ್ಲಿ ಯಾವ ಖರ್ಚು ವಾಪಸ್ ಬರುತ್ತದೆ, ಯಾವುದು ಬರಲ್ಲ

ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ. "ಅಕ್ಕಾ, ಈ ಕೇಸು ಗೆಲ್ತೀವಾ?" ನಾನು ತಿರುಗಿ ಕೇಳುವುದೂ ಒಂದೇ. "ಎಷ್ಟು ಪೌಂಡಿನ ತಕರಾರು?" ಕೆಲವರಿಗೆ ಬೇಜಾರಾಗುತ್ತದೆ. ನ್ಯಾಯ ಕೇಳೋಣ ಅಂತ ಬಂದರೆ ಇವಳು ಲೆಕ್ಕ ಕೇಳ್ತಾಳಲ್ಲ ಅಂತ. ಆದರೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಈ ಲೆಕ್ಕ ಮಾಡದೆ ಸಿವಿಲ್ ಕೇಸಿಗೆ ಕೈ ಹಾಕಬಾರದು. ಗೆದ್ದರೂ ಕೈಯಿಂದ ದುಡ್ಡು ಹೋಗುವ ಕೇಸುಗಳನ್ನು ನಾನು ದಿನಾ ನೋಡುತ್ತೇನೆ.

ರೆಡಿಂಗ್ ಹತ್ತಿರದ ಒಂದು ಸಾಲಿಸಿಟರ್ (ಕಕ್ಷಿದಾರರ ಕೇಸು ನೋಡಿಕೊಳ್ಳುವ ಇಲ್ಲಿನ ವಕೀಲರು) ಆಫೀಸಿನಲ್ಲಿ ನನ್ನ ಕೆಲಸ. ಕೇಸು ಮುಗಿದ ಮೇಲೆ ಸೋತವರು ಗೆದ್ದವರಿಗೆ ಎಷ್ಟು ಖರ್ಚು ಕೊಡಬೇಕು ಅನ್ನುವ ಬಿಲ್ಲು ಬರೆಯುವುದು, ಆ ಕಡೆಯವರ ಬಿಲ್ಲಿನಲ್ಲಿ ತಪ್ಪು ಹುಡುಕುವುದು. ಅದಕ್ಕೆ ಮುಂಚೆ ತಿಪಟೂರಿನಲ್ಲಿ ಒಬ್ಬ ಸೀನಿಯರ್ ವಕೀಲರ ಹತ್ತಿರ ಜೂನಿಯರ್ ಆಗಿದ್ದೆ. ಅಲ್ಲಿ ಕಕ್ಷಿದಾರರು ಯಾರೂ ಖರ್ಚು ವಾಪಸ್ ಬರುತ್ತದೆ ಅಂತ ನಂಬಿಕೊಂಡು ಬರುತ್ತಿರಲಿಲ್ಲ. ಸುಳ್ಳು ದಾವೆ ಹಾಕಿದವನಿಂದ ಕೊಡಿಸುವ ಪರಿಹಾರಕ್ಕೂ ಸಿವಿಲ್ ಪ್ರೊಸೀಜರ್ ಕೋಡಿನ 35ಎ ಕಲಂನಲ್ಲಿ 3,000 ರೂಪಾಯಿಯ ಮಿತಿ ಇದೆ. ವಕೀಲರ ಫೀಸು ನಮ್ಮದು, ಅಷ್ಟೇ. "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಅಂತ ನಮ್ಮ ಕಡೆ ಹೇಳುವುದು ಸುಮ್ನೆ ಅಲ್ಲ.

ಇಲ್ಲಿ ನಿಯಮ ಉಲ್ಟಾ. ಸೋತವರು ಗೆದ್ದವರ ಖರ್ಚು ಕೊಡಬೇಕು. ಇದನ್ನು ಕೇಳಿದ ತಕ್ಷಣ ನಮ್ಮ ಜನರಿಗೆ ಧೈರ್ಯ ಬಂದುಬಿಡುತ್ತದೆ. ಗೆಲ್ಲೋದು ಗ್ಯಾರಂಟಿ, ಸಾಲಿಸಿಟರ್ ಫೀಸು ಅವನ ತಲೆಗೆ ಬೀಳುತ್ತೆ ಅಂತ. ಅಲ್ಲೇ ಎಡವುವುದು. ಎಷ್ಟು ಖರ್ಚು ಕೊಡಬೇಕು ಅನ್ನುವುದನ್ನು ನಿಮ್ಮ ಸಾಲಿಸಿಟರ್ ಬಿಲ್ಲು ತೀರ್ಮಾನಿಸಲ್ಲ. ನಿಮ್ಮ ಕೇಸು ಯಾವ ಟ್ರ್ಯಾಕಿಗೆ, ಅಂದರೆ ಮೊತ್ತ ಮತ್ತು ತೊಡಕು ನೋಡಿ ಕೋರ್ಟು ಹಾಕುವ ಯಾವ ವಿಭಾಗಕ್ಕೆ, ಹೋಗುತ್ತದೆ ಅನ್ನುವುದು ತೀರ್ಮಾನಿಸುತ್ತದೆ.

ನಾಲ್ಕು ಟ್ರ್ಯಾಕು

ಟ್ರ್ಯಾಕ್ ಪದ್ಧತಿ ಶುರುವಾದದ್ದು 1999ರ ಏಪ್ರಿಲ್ 26ಕ್ಕೆ, ಹಿರಿಯ ಜಡ್ಜ್ ಲಾರ್ಡ್ ವೂಲ್ಫ್ ಅವರ ಸುಧಾರಣೆಯ ನಂತರ ಹೊಸ ಸಿವಿಲ್ ಪ್ರೊಸೀಜರ್ ರೂಲ್ಸ್ ಜಾರಿಗೆ ಬಂದಾಗ. ಆಗ ಇದ್ದದ್ದು ಮೂರು: ಸ್ಮಾಲ್ ಕ್ಲೈಮ್ಸ್, ಫಾಸ್ಟ್, ಮಲ್ಟಿ. ಖರ್ಚು ಕೇಸಿನ ಮೊತ್ತವನ್ನೇ ಮೀರಿ ಬೆಳೆಯುತ್ತಿದೆ ಅಂತ ಸರ್ ರೂಪರ್ಟ್ ಜಾಕ್ಸನ್ ಎನ್ನುವ ಜಡ್ಜ್ ವರದಿ ಕೊಟ್ಟರು. 2017ರ ಅವರ ಎರಡನೇ ವರದಿಯ ಮೇಲೆ 2023ರ ಅಕ್ಟೋಬರ್ 1ರಿಂದ ನಾಲ್ಕನೆಯದೊಂದು ಬಂತು, ಇಂಟರ್‌ಮೀಡಿಯೇಟ್ ಟ್ರ್ಯಾಕ್. ಅದರ ಜೊತೆಗೆ ಫಾಸ್ಟ್ ಮತ್ತು ಇಂಟರ್‌ಮೀಡಿಯೇಟ್ ಎರಡರಲ್ಲೂ ವಸೂಲಾಗುವ ಖರ್ಚನ್ನು ಕೋಷ್ಟಕ ಹಾಕಿ ಕಟ್ಟಿಬಿಟ್ಟರು. ಇದೇ ಫಿಕ್ಸೆಡ್ ರಿಕವರಬಲ್ ಕಾಸ್ಟ್ಸ್. ನಾನು ಇಲ್ಲಿ ನಿಗದಿ ಖರ್ಚು ಅಂತಲೇ ಬರೆಯುತ್ತೇನೆ.

ಮೊತ್ತದ ಲೆಕ್ಕ ಹೀಗೆ. 10,000 ಪೌಂಡ್‌ವರೆಗೆ ಸ್ಮಾಲ್ ಕ್ಲೈಮ್ಸ್. ಅದರಿಂದ 25,000ದವರೆಗೆ, ವಿಚಾರಣೆ ಒಂದು ದಿನದಲ್ಲಿ ಮುಗಿಯುವಂತಿದ್ದರೆ ಫಾಸ್ಟ್. 25,000ದಿಂದ 1,00,000ದವರೆಗೆ, ಮೂರು ದಿನದೊಳಗೆ ಮುಗಿಯುವಂತಿದ್ದು, ಪ್ರತಿ ಕಡೆಗೆ ಎರಡಕ್ಕಿಂತ ಹೆಚ್ಚು ತಜ್ಞರು ಬಂದು ಸಾಕ್ಷಿ ಹೇಳಬೇಕಿಲ್ಲದಿದ್ದರೆ ಇಂಟರ್‌ಮೀಡಿಯೇಟ್. ಅದರಲ್ಲಿ ಜನರೂ ಕಡಿಮೆ ಇರಬೇಕು: ಒಬ್ಬ ವಾದಿಗೆ ಒಬ್ಬರೋ ಇಬ್ಬರೋ ಪ್ರತಿವಾದಿ, ಇಲ್ಲವೇ ಇಬ್ಬರು ವಾದಿಗಳಿಗೆ ಒಬ್ಬ ಪ್ರತಿವಾದಿ. ಉಳಿದದ್ದೆಲ್ಲ ಮಲ್ಟಿ.

ಮೈಗೆ ಪೆಟ್ಟಾದ ಕೇಸಿಗೆ ಸ್ಮಾಲ್ ಕ್ಲೈಮ್ಸ್ ಮಿತಿ ಬೇರೆ. ನೋವಿಗೆ ಸಿಗುವ ಪರಿಹಾರದ ಮೊತ್ತ ಮಾತ್ರ ಲೆಕ್ಕ. ರಸ್ತೆ ಅಪಘಾತದಲ್ಲಿ ಸಾಮಾನ್ಯವಾಗಿ 5,000 ಪೌಂಡ್, ಕೆಲಸದ ಜಾಗದಲ್ಲೋ ಅಂಗಡಿಯಲ್ಲೋ ಬಿದ್ದದ್ದಕ್ಕೆ 1,500. ಆಸ್ಪತ್ರೆಯ ನಿರ್ಲಕ್ಷ್ಯದ ಕೇಸು, ಮಕ್ಕಳ ಮೇಲಿನ ದೌರ್ಜನ್ಯದ ಕೇಸು, ಆಸ್ಬೆಸ್ಟಾಸ್ ಕಾಯಿಲೆಯ ಕೇಸು ಇವುಗಳಿಗೆ ಬೇರೆಯೇ ನಿಯಮ. ಅವಕ್ಕೆ ಈ ಬರಹ ನೋಡಿಕೊಂಡು ಹೆಜ್ಜೆ ಇಡಬೇಡಿ, ನೇರ ಸಾಲಿಸಿಟರ್ ಹತ್ತಿರ ಹೋಗಿ.

ನಿಮ್ಮ ಕ್ಲೈಮಿನ ಬೆಲೆ ಎಷ್ಟು?

ಇದು ಸುಲಭ ಅನ್ನಿಸುತ್ತದೆ. ಅಲ್ಲ. ಟ್ರ್ಯಾಕಿಗೆ ಲೆಕ್ಕ ಹಾಕುವಾಗ ಕೋರ್ಟು ಬಡ್ಡಿಯನ್ನು ಬಿಟ್ಟುಬಿಡುತ್ತದೆ, ಖರ್ಚನ್ನು ಬಿಟ್ಟುಬಿಡುತ್ತದೆ, ಆ ಕಡೆಯವರು ಒಪ್ಪಿಕೊಂಡ ಹಣವನ್ನೂ ಬಿಟ್ಟುಬಿಡುತ್ತದೆ. ಜಗಳ ಇರುವ ಮೊತ್ತ ಮಾತ್ರ ಲೆಕ್ಕಕ್ಕೆ. ಆದರೆ ಕೇಸು ದಾಖಲಿಸುವ ಫೀಸಿಗೆ ಬಡ್ಡಿಯೂ ಸೇರುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಸ್ಲೌನಲ್ಲಿ ಮನೆ ತಗೊಂಡವರೊಬ್ಬರು ಅಡುಗೆಮನೆ ದೊಡ್ಡದು ಮಾಡಿಸಲು ಬಿಲ್ಡರ್‌ಗೆ ಮುಂಗಡ ಕೊಟ್ಟರು ಅಂದುಕೊಳ್ಳಿ. ಅವನು ಅರ್ಧ ಗೋಡೆ ಎಬ್ಬಿಸಿ ಫೋನ್ ಎತ್ತುವುದು ಬಿಟ್ಟ. ವಾಪಸ್ ಬರಬೇಕಾದದ್ದು 9,700 ಪೌಂಡ್. ಕೌಂಟಿ ಕೋರ್ಟ್ ಕಾಯ್ದೆಯ ಪ್ರಕಾರ ವರ್ಷಕ್ಕೆ 8% ಸರಳ ಬಡ್ಡಿ ಕೇಳಬಹುದು, ಅದು 600 ಆಯಿತು ಅಂತಿಟ್ಟುಕೊಳ್ಳಿ. ಒಟ್ಟು 10,300. ಟ್ರ್ಯಾಕು ಸ್ಮಾಲ್ ಕ್ಲೈಮ್ಸೇ, ಯಾಕಂದರೆ ಬಡ್ಡಿ ಲೆಕ್ಕಕ್ಕಿಲ್ಲ. ಫೀಸು? 5,000ದಿಂದ 10,000ದವರೆಗೆ 455 ಪೌಂಡ್. 10,000 ದಾಟಿದರೆ ಕೇಳಿದ ಮೊತ್ತದ 5%. ಅಂದರೆ 515. ಅರವತ್ತು ಪೌಂಡ್ ಜಾಸ್ತಿ ಹೋಯಿತು. ಗೆದ್ದರೆ ವಾಪಸ್ ಬರುತ್ತದೆ, ಸೋತರೆ ಇಲ್ಲ. ಫೀಸುಗಳು ಆಗಾಗ ಬದಲಾಗುತ್ತವೆ, ಹಾಕುವ ದಿನ ಸರ್ಕಾರದ ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಈಗ ಅದೇ ಜಗಳ 14,000 ಪೌಂಡಿಂದು ಅಂತಿಟ್ಟುಕೊಳ್ಳಿ. 5% ಲೆಕ್ಕದಲ್ಲಿ 700 ಪೌಂಡ್ ಫೀಸು ಕಟ್ಟಿ, ಫಾಸ್ಟ್ ಟ್ರ್ಯಾಕ್ ಕೇಸು, ಖರ್ಚು ಬರುತ್ತದೆ ಅಂತ ಸಾಲಿಸಿಟರ್ ಹಿಡಿದಿರಿ. ಬಿಲ್ಡರ್ ಉತ್ತರ ಕೊಡುವಾಗ, "ಸರಿ, 5,000 ಕೊಡಬೇಕು ಒಪ್ಪುತ್ತೇನೆ, ಉಳಿದದ್ದು ಒಪ್ಪಲ್ಲ" ಅಂದ. ಉಳಿದ ಜಗಳ 9,000ದ್ದು. ಕೇಸು ಸ್ಮಾಲ್ ಕ್ಲೈಮ್ಸಿಗೆ ಇಳಿದುಹೋಯಿತು! ಮುಂದಿನ ಸಾಲಿಸಿಟರ್ ಫೀಸು ನಿಮ್ಮ ಜೇಬಿನಿಂದ. ಆ ಕಡೆಯ ವಕೀಲರು ಬೇಕಂತಲೇ ಮಾಡುವ ಪಟ್ಟು ಇದು, ಕಾನೂನಿನ ಪ್ರಕಾರ ಸರಿಯೂ ಹೌದು. ಇದಕ್ಕೆ ಮದ್ದು ಒಂದಿದೆ. ಕೋರ್ಟು ಟ್ರ್ಯಾಕ್ ಹಂಚುವ ಮುಂಚೆಯೇ, ಒಪ್ಪಿಕೊಂಡ ಆ 5,000ಕ್ಕೆ ತೀರ್ಪು ಮತ್ತು ಅಷ್ಟರ ಮಟ್ಟಿಗೆ ಖರ್ಚು ಕೊಡಿಸಿ ಅಂತ ಅರ್ಜಿ ಹಾಕಬಹುದು. ಟ್ರ್ಯಾಕ್ ಹಂಚಿದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಸಾಲಿಸಿಟರ್ ಇದ್ದರೆ ಆ ವಾರವೇ ಕೇಳಿ, "ಅರ್ಜಿ ಹಾಕಿದ್ರಾ?" ಅಂತ.

ಬಿಲ್ಡರ್ ತಿರುಗಿ ನಿಮ್ಮ ಮೇಲೆ ಎದುರು ಕ್ಲೈಮ್ ಹಾಕಿದರೆ ಎರಡನ್ನೂ ಕೂಡಿಸುವುದಿಲ್ಲ. ಸಾಮಾನ್ಯವಾಗಿ ಎರಡರಲ್ಲಿ ದೊಡ್ಡದು ಟ್ರ್ಯಾಕ್ ತೀರ್ಮಾನಿಸುತ್ತದೆ. ನಿಮ್ಮದು 7,000, ಅವನದು 16,000 ಆದರೆ ನೀವು ಬೇಡ ಅಂದರೂ ಫಾಸ್ಟ್ ಟ್ರ್ಯಾಕಿಗೆ ಹೋಗುತ್ತೀರಿ. ಅಲ್ಲಿ ಸೋತರೆ ಅವನ ವಕೀಲರ ಖರ್ಚು ನಿಮ್ಮ ತಲೆಗೆ.

ಸ್ಮಾಲ್ ಕ್ಲೈಮ್ಸ್: ಸಾಲಿಸಿಟರ್ ಬೇಡ

ನನ್ನ ಅಭಿಪ್ರಾಯ ನೇರ. 10,000ದೊಳಗಿನ ಕೇಸಿಗೆ ಸಾಲಿಸಿಟರ್ ಹಿಡಿಯಬೇಡಿ. ನನ್ನ ಆಫೀಸಿನವರು ಇದನ್ನು ಓದಿದರೆ ಖುಷಿ ಪಡಲಿಕ್ಕಿಲ್ಲ. ಆದರೆ ಲೆಕ್ಕ ನೋಡಿ. ಗೆದ್ದರೆ ವಾಪಸ್ ಬರುವುದು ದಾಖಲಿಸಿದ ಫೀಸು, ವಿಚಾರಣೆಯ ಫೀಸು (3,000 ಪೌಂಡ್ ಮೇಲಿನ ಕೇಸಿಗೆ 346), ಓಡಾಟದ ಖರ್ಚು, ರಜೆ ಹಾಕಿದ್ದಕ್ಕೆ ದಿನಕ್ಕೆ ಗರಿಷ್ಠ 95 ಪೌಂಡ್, ಕೋರ್ಟು ಒಪ್ಪಿ ತಜ್ಞರ ವರದಿ ತರಿಸಿದ್ದರೆ ಒಬ್ಬ ತಜ್ಞರಿಗೆ 750ರವರೆಗೆ. ಸಾಲಿಸಿಟರ್ ಕೇಸು ದಾಖಲಿಸಿದ್ದರೆ ಅವರ ಹೆಸರಿನಲ್ಲಿ ಸಿಗುವುದು, 5,000 ದಾಟಿದ ಕ್ಲೈಮಿಗೂ, ಬರೀ 100 ಪೌಂಡ್. ನೀವು ಅವರಿಗೆ 2,500 ಕೊಟ್ಟಿದ್ದರೆ 2,400 ಹೋಯಿತು. ಆ ಕಡೆಯವನು ತೀರಾ ಅಸಡ್ಡಾಳವಾಗಿ ನಡೆದುಕೊಂಡರೆ ಕೋರ್ಟು ಜಾಸ್ತಿ ಕೊಡಿಸಬಹುದು, ನಿಜ. ಆದರೆ ಬರೀ ಸೋತದ್ದು ಅಸಡ್ಡಾಳತನ ಅಲ್ಲ. ರಾಜಿಗೆ ಒಪ್ಪಲಿಲ್ಲ ಅನ್ನುವುದೊಂದೇ ಕಾರಣವೂ ಸಾಲದು. ಅದನ್ನು ನಂಬಿಕೊಂಡು ದುಡ್ಡು ಸುರಿಯಬೇಡಿ.

ಇದಕ್ಕೆ ಇನ್ನೊಂದು ಮುಖ ಇದೆ, ಅದು ಒಳ್ಳೆಯದು. ಸೋತರೂ ಆ ಕಡೆಯ ವಕೀಲರ ಫೀಸು ನೀವು ಕೊಡಬೇಕಿಲ್ಲ. ದೊಡ್ಡ ಕಂಪನಿಯೊಂದು ಬ್ಯಾರಿಸ್ಟರ್ ಕರೆದುಕೊಂಡು ಬಂದರೂ ಹೆದರಬೇಡಿ. ಅದು ಅವರ ಖರ್ಚು.

ನೀವೇ ಮಾಡಬೇಕಾದದ್ದು ಏನು? ಮೊದಲು ಒಂದು ಪತ್ರ. ಏನಾಯಿತು, ಎಷ್ಟು ಬರಬೇಕು, ಯಾವ ತಾರೀಖಿನೊಳಗೆ ಕೊಡಬೇಕು, ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇನೆ. ಸರಳ ಜಗಳಕ್ಕೆ 14 ದಿನ ಕೊಟ್ಟರೆ ಸಾಕು. ನೀವು ವ್ಯಾಪಾರಸ್ಥರಾಗಿದ್ದು ಒಬ್ಬ ವ್ಯಕ್ತಿಯಿಂದ ಸಾಲ ವಸೂಲಿ ಮಾಡುತ್ತಿದ್ದರೆ 30 ದಿನ ಕೊಡಬೇಕು, ಅದಕ್ಕೆ ಬೇರೆ ಫಾರಂಗಳೂ ಇವೆ. ಪತ್ರದಲ್ಲಿ ಬೈಯಬೇಡಿ. ಅದನ್ನು ಕೊನೆಗೆ ಓದುವವರು ಜಡ್ಜ್.

ಆಮೇಲೆ ಆನ್‌ಲೈನಿನಲ್ಲಿ ಕ್ಲೈಮ್ ಹಾಕಿ. ಆದಾಯ ಕಡಿಮೆ ಇರುವವರಿಗೆ ಫೀಸು ಮಾಫಿ ಇದೆ, ಹೆಲ್ಪ್ ವಿತ್ ಫೀಸ್ ಅಂತ. ಆ ಕಡೆಯವರಿಗೆ ಕ್ಲೈಮ್ ತಲುಪಿದ ಮೇಲೆ ಉತ್ತರಕ್ಕೆ 14 ದಿನ, ಕ್ಲೈಮ್ ತಲುಪಿತು ಅಂತ ಸ್ವೀಕೃತಿ ಕೊಟ್ಟರೆ ಒಟ್ಟು 28 ದಿನ. ಉತ್ತರವೇ ಬರದಿದ್ದರೆ ನೀವು ಕೇಳಿಕೊಂಡು ಏಕಪಕ್ಷೀಯ ತೀರ್ಪು ಪಡೆಯಬಹುದು. ಅವರು ತಕರಾರು ಹಾಕಿದರೆ ಎನ್180 ಅನ್ನುವ ಪ್ರಶ್ನಾವಳಿ ಬರುತ್ತದೆ. ಸಾಕ್ಷಿ ಎಷ್ಟು ಜನ, ಯಾವ ದಿನ ಬರಲಾಗುವುದಿಲ್ಲ, ಇಂಥವು. ಊರಿಗೆ ಹೋಗುವ ರಜೆಯ ತಾರೀಖು ಇಲ್ಲೇ ಬರೆದುಬಿಡಿ. ಬೆಂಗಳೂರಿಗೆ ಟಿಕೆಟ್ ಬುಕ್ ಆದ ಮೇಲೆ ವಿಚಾರಣೆ ಮುಂದೂಡಿ ಅಂದರೆ ಅದಕ್ಕೂ ಫೀಸು ಕಟ್ಟಿ ಅರ್ಜಿ ಹಾಕಬೇಕಾಗಬಹುದು.

2024ರ ಮೇ 22ರಿಂದ ಹಾಕಿದ ಹಣದ ಕ್ಲೈಮುಗಳಿಗೆ ಫೋನಿನಲ್ಲಿ ಮಧ್ಯಸ್ಥಿಕೆ ಕಡ್ಡಾಯ. ಒಂದು ಗಂಟೆ, ಉಚಿತ. ಮಧ್ಯಸ್ಥರು ಒಮ್ಮೆ ನಿಮ್ಮ ಹತ್ತಿರ, ಒಮ್ಮೆ ಅವರ ಹತ್ತಿರ ಮಾತಾಡುತ್ತಾರೆ. ನೀವಿಬ್ಬರೂ ಮುಖಾಮುಖಿ ಆಗುವುದಿಲ್ಲ. ಅಲ್ಲಿ ಆಡಿದ ಮಾತು ಜಡ್ಜ್ ಕಿವಿಗೆ ಹೋಗುವುದಿಲ್ಲ. ಕೂರುವ ಮೊದಲು ಒಂದು ಚೀಟಿಯಲ್ಲಿ ಮೂರು ಅಂಕಿ ಬರೆದುಕೊಳ್ಳಿ: ಕೇಳುವುದು ಎಷ್ಟು, ಒಪ್ಪುವುದು ಎಷ್ಟು, ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವುದು ಎಷ್ಟು. ಮೂರನೆಯದನ್ನು ಬರೆಯುವಾಗ ಇನ್ನೂ ಕಟ್ಟಬೇಕಾದ 346 ಪೌಂಡ್ ವಿಚಾರಣೆ ಫೀಸು, ಒಂದು ದಿನದ ರಜೆ, ಇನ್ನಷ್ಟು ತಿಂಗಳ ಕಾಯುವಿಕೆ ಇವನ್ನು ಕಳೆಯಿರಿ. ಈ ಕರೆಗೆ ಹಾಜರಾಗದಿದ್ದರೆ ದಂಡ ಬೀಳಬಹುದು, ಕೇಸನ್ನೇ ತೆಗೆದುಹಾಕಲೂಬಹುದು.

ನಮ್ಮವರ ಕೇಸುಗಳಲ್ಲಿ ಒಂದು ವಿಶೇಷ ಇದೆ: ಕೈಗಡ. ಮನೆ ಡೆಪಾಸಿಟ್ಟಿಗೆ ಅಂತ ಸ್ನೇಹಿತನಿಗೆ ಕೊಟ್ಟದ್ದು, ಕಾಗದ ಪತ್ರ ಏನೂ ಇಲ್ಲ. ವಾಟ್ಸಾಪ್ ಮಾತು ಪೂರ್ತಿ ಕನ್ನಡದಲ್ಲಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ಆಯ್ತು ಗುರು, ಮಾರ್ಚಲ್ಲಿ ಬೋನಸ್ ಬಂದ್ಮೇಲೆ ಸೆಟ್ಲ್ ಮಾಡ್ತೀನಿ" ಅಂತ ಒಂದು ಮೆಸೇಜು ಇದ್ದರೆ ಅದು ಸಾಲ ಅನ್ನುವುದಕ್ಕೆ ಬಲವಾದ ಸಾಕ್ಷಿ. ಆದರೆ ಜಡ್ಜಿಗೆ ಅದು ಅರ್ಥ ಆಗಬೇಕಲ್ವಾ? ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ಹೆಸರು, ನಂಬರು, ತಾರೀಖು ಕಾಣಬೇಕು. ಪ್ರತಿ ಪುಟಕ್ಕೂ ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇಡಿ. ನಿಮಗೆ ಬೇಕಾದ ಸಾಲು ಮಾತ್ರ ಅಲ್ಲ, ಹಿಂದೆ ಮುಂದಿನದೂ ಬೇಕು. ಅನುವಾದ ನೀವೇ ಮಾಡುವುದಕ್ಕಿಂತ ಕೇಸಿಗೆ ಸಂಬಂಧ ಇಲ್ಲದವರು ಮಾಡಿ ಸಹಿ ಹಾಕಿದರೆ ತಕರಾರು ಕಮ್ಮಿ. ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲಿಗೆ ಹೈಲೈಟರ್ ಹಾಕಿ. ಎಲ್ಲಕ್ಕೂ ಪುಟ ಸಂಖ್ಯೆ ಕೊಟ್ಟು ತಾರೀಖಿನ ಪ್ರಕಾರ ಜೋಡಿಸಿ. ಸಾಕ್ಷಿ ಹೇಳಿಕೆಯಲ್ಲಿ "ಪುಟ 14 ನೋಡಿ" ಅನ್ನುವ ಹಾಗಿರಬೇಕು.

ದೊಡ್ಡ ಟ್ರ್ಯಾಕಿನ ಕೇಸಿನಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ ಅಮ್ಮನೋ ಮಾವನೋ ಸಾಕ್ಷಿಯಾದರೆ ಅವರ ಹೇಳಿಕೆ ಮೊದಲು ಕನ್ನಡದಲ್ಲೇ ಆಗಬೇಕು, ಆಮೇಲೆ ಅನುವಾದ. ಮಗ ಇಂಗ್ಲಿಷಿನಲ್ಲಿ ಬರೆದು ಅಮ್ಮನ ಸಹಿ ಹಾಕಿಸಿದರೆ ನಡೆಯಲ್ಲ.

ಕೋರ್ಟಿನಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಇರುತ್ತಾರೆ. ಸಣ್ಣ ಕೋಣೆ, ಒಂದು ಮೇಜು. "ಮೈ ಲಾರ್ಡ್" ಬೇಡ. 2022ರ ಕೊನೆಯಿಂದ ಅವರನ್ನು "ಜಡ್ಜ್" ಅಂದರೆ ಸಾಕು. ತಿಪಟೂರಿನ ಅಭ್ಯಾಸ ಬಿಡಲು ನನಗೂ ಸ್ವಲ್ಪ ಕಾಲ ಹಿಡಿಯಿತು.

ಫಾಸ್ಟ್ ಮತ್ತು ಇಂಟರ್‌ಮೀಡಿಯೇಟ್: ಕೋಷ್ಟಕ ಓದುವ ಬಗೆ

10,000 ದಾಟಿದರೆ ಆಟವೇ ಬೇರೆ. ಇಲ್ಲಿ ಗೆದ್ದವರಿಗೆ ವಕೀಲರ ಖರ್ಚು ಬರುತ್ತದೆ, ಆದರೆ ಕೋಷ್ಟಕದಲ್ಲಿರುವಷ್ಟು ಮಾತ್ರ. ಕೋಷ್ಟಕ ಸಿವಿಲ್ ಪ್ರೊಸೀಜರ್ ರೂಲ್ಸಿನ 45ನೇ ಭಾಗದ ಪ್ರಾಕ್ಟೀಸ್ ಡೈರೆಕ್ಷನ್ನಿನಲ್ಲಿದೆ (ನಿಯಮಗಳಿಗೆ ಪೂರಕವಾದ ಸೂಚನೆ). ಫಾಸ್ಟ್ ಟ್ರ್ಯಾಕಿಗೆ ಟೇಬಲ್ 12, ಇಂಟರ್‌ಮೀಡಿಯೇಟಿಗೆ ಟೇಬಲ್ 14. ಯಾರು ಬೇಕಾದರೂ ತೆರೆದು ನೋಡಬಹುದು.

ಅದನ್ನು ಓದುವುದು ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಟಿಕೆಟ್ ಲೆಕ್ಕದ ಹಾಗೆ. ಎಷ್ಟು ಸ್ಟೇಜ್ ದಾಟಿದಿರಿ, ಅಷ್ಟಕ್ಕೆ ದರ. ಕೇಸು ದಾಖಲಾಗುವ ಮುಂಚೆ ರಾಜಿಯಾದರೆ ಕಡಿಮೆ, ವಿಚಾರಣೆಯವರೆಗೆ ಹೋದರೆ ಹೆಚ್ಚು. ಕೋಷ್ಟಕದಲ್ಲಿ ಮೇಲಿಂದ ಕೆಳಗೆ ಹಂತ, ಎಡದಿಂದ ಬಲಕ್ಕೆ ಬ್ಯಾಂಡ್. ಎರಡು ಟ್ರ್ಯಾಕಿಗೂ ನಾಲ್ಕು ನಾಲ್ಕು ಬ್ಯಾಂಡ್. ಕೇಸು ತೊಡಕಾದಷ್ಟೂ ಬ್ಯಾಂಡ್ ಮೇಲೆ, ಬ್ಯಾಂಡ್ ಮೇಲೆ ಹೋದಷ್ಟೂ ಖರ್ಚು ಜಾಸ್ತಿ. ಕೆಲವು ಹಂತಗಳಲ್ಲಿ ಒಂದು ಇಡಿ ಮೊತ್ತ, ಅದರ ಮೇಲೆ ಪರಿಹಾರದ ಇಷ್ಟು ಶೇಕಡಾ ಅಂತ ಸೇರುತ್ತದೆ. ಇಂಟರ್‌ಮೀಡಿಯೇಟಿನ ಮೊದಲ ಹಂತದಲ್ಲಿ ಒಂದನೇ ಬ್ಯಾಂಡಿಗೆ 3%, ನಾಲ್ಕನೆಯದಕ್ಕೆ 8%. ಇಡಿ ಮೊತ್ತಗಳು ಬೆಲೆ ಏರಿಕೆ ನೋಡಿಕೊಂಡು ಬದಲಾಗುತ್ತವೆ. ಹಾಗಾಗಿ ನಿಮ್ಮ ಕೇಸಿನ ತಾರೀಖಿಗೆ ಯಾವ ಕೋಷ್ಟಕ ಅನ್ವಯ ಅಂತ ನೋಡಿ, ಯಾರೋ ಹಳೆಯ ಪಿಡಿಎಫ್ ಕಳಿಸಿದ್ದನ್ನು ನಂಬಬೇಡಿ.

ಬ್ಯಾಂಡ್ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. 18,000 ಪೌಂಡ್ ಕೈಗಡ ವಾಪಸ್ ಬರಲಿಲ್ಲ. ತಕರಾರಿರುವ ಸಾಲದ ಕೇಸು, ಫಾಸ್ಟ್ ಟ್ರ್ಯಾಕಿನ ಒಂದನೇ ಬ್ಯಾಂಡ್. ಅದೇ 18,000 ಬಿಲ್ಡರ್ ಜೊತೆಗಿನ ಜಗಳವಾದರೆ, ಕಟ್ಟಡದ ತಕರಾರು, ನಾಲ್ಕನೇ ಬ್ಯಾಂಡ್. ಮೊತ್ತ ಒಂದೇ, ಟ್ರ್ಯಾಕ್ ಒಂದೇ, ವಾಪಸ್ ಬರುವ ಖರ್ಚು ಬಹಳ ಬೇರೆ. ಸೋತರೆ ಕೊಡಬೇಕಾದದ್ದೂ ಬೇರೆ. ಇಂಟರ್‌ಮೀಡಿಯೇಟಿನಲ್ಲಿ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ. ಜಗಳ ಒಂದೇ ವಿಷಯದ ಮೇಲೆ ಇದ್ದು ಒಂದು ದಿನದಲ್ಲಿ ಮುಗಿಯುವಂತಿದ್ದರೆ ಒಂದನೇ ಬ್ಯಾಂಡ್. ತಪ್ಪು ಯಾರದು, ಪರಿಹಾರ ಎಷ್ಟು, ಎರಡೂ ಜಗಳ ಆದರೆ ಎರಡನೆಯದು ಅಥವಾ ಅದರ ಮೇಲಿನದು.

ಬ್ಯಾಂಡ್ ಯಾವುದು ಅಂತ ಎರಡೂ ಕಡೆಯವರು ಎನ್181 ಪ್ರಶ್ನಾವಳಿಯಲ್ಲಿ ಹೇಳಬೇಕು. ಆ ಜಾಗವನ್ನು ಖಾಲಿ ಬಿಟ್ಟ ಅಥವಾ ಸುಮ್ನೆ ಒಂದು ಅಂಕಿ ಗೀಚಿದ ಫಾರಂಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಆಮೇಲೆ ಅದರ ಮೇಲೆ ಸಾವಿರಾರು ಪೌಂಡಿನ ಜಗಳ. ಯಾಕೆ ಆ ಬ್ಯಾಂಡ್ ಅನ್ನುವುದಕ್ಕೆ ಎರಡು ಸಾಲು ಕಾರಣ ಬರೆಯಿರಿ. ಕೊನೆಗೆ ತೀರ್ಮಾನ ಕೋರ್ಟಿಂದೇ.

ಕೋಷ್ಟಕದ ಮೇಲೆ ಸೇರುವುದು ಕೆಲವಿವೆ. ಕೋರ್ಟ್ ಫೀಸು, ತಜ್ಞರ ವರದಿಯಂಥ ಕೈಯಿಂದ ಹಾಕಿದ ಖರ್ಚು, ವ್ಯಾಟ್ ಇವು ಬೇರೆ. ನೀವು ಲಂಡನ್ನಿನಲ್ಲಿ ವಾಸಿಸುತ್ತಿದ್ದು ಅಥವಾ ಕೆಲಸ ಮಾಡುತ್ತಿದ್ದು, ವಕೀಲರ ಆಫೀಸೂ ಲಂಡನ್ನಿನಲ್ಲೇ ಇದ್ದರೆ 12.5% ಜಾಸ್ತಿ. ಒಂದು ಕಡೆಯವರು ಅಸಡ್ಡಾಳವಾಗಿ ನಡೆದುಕೊಂಡರೆ ನಿಗದಿ ಖರ್ಚನ್ನು 50% ಏರಿಸಬಹುದು, ಇಳಿಸಲೂಬಹುದು. ತೀರಾ ಅಪರೂಪದ ಪರಿಸ್ಥಿತಿ ಇದ್ದರೆ ಕೋಷ್ಟಕ ದಾಟಿ ಕೇಳಬಹುದು, ಆದರೆ ಕೇಳಿದ್ದು ಕೋಷ್ಟಕಕ್ಕಿಂತ 20% ಆದರೂ ಹೆಚ್ಚು ಬರದಿದ್ದರೆ ಕೈ ಸುಟ್ಟುಕೊಳ್ಳುತ್ತೀರಿ. ನನ್ನ ಕೈಗೆ ಬಂದವರಿಗೆಲ್ಲ ನಾನು ಹೇಳುವುದು, ಆ ದಾರಿ ಮರೆತುಬಿಡಿ ಅಂತ.

ಪಾರ್ಟ್ 36 ಪತ್ರ

ಈ ಎರಡು ಟ್ರ್ಯಾಕಿನಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಇದು. ಸ್ಮಾಲ್ ಕ್ಲೈಮ್ಸಿನಲ್ಲಿ ಇದು ನಡೆಯುವುದಿಲ್ಲ. ರಾಜಿಗೆ ಒಂದು ಮೊತ್ತ ಬರೆದು, ಸಿವಿಲ್ ಪ್ರೊಸೀಜರ್ ರೂಲ್ಸಿನ 36ನೇ ಭಾಗದ (ಪಾರ್ಟ್ 36) ಪ್ರಕಾರ ಅಂತ ಸ್ಪಷ್ಟವಾಗಿ ನಮೂದಿಸಿ, ಕನಿಷ್ಠ 21 ದಿನ ಕೊಟ್ಟು ಕಳಿಸುವ ಪತ್ರ. ನಿಮ್ಮ ಕ್ಲೈಮ್ 40,000. "34,000 ಕೊಟ್ಟರೆ ಮುಗಿಸೋಣ" ಅಂತ ಬರೆದಿರಿ. ಅವರು ಒಪ್ಪಲಿಲ್ಲ. ವಿಚಾರಣೆಯಲ್ಲಿ ನಿಮಗೆ 36,000 ಬಂತು. ಆಗ 21 ದಿನ ಮುಗಿದಾಗಿನ ಹಂತದ ಖರ್ಚು ಎಷ್ಟು, ತೀರ್ಪಿನ ಹಂತದ್ದು ಎಷ್ಟು ಅಂತ ನೋಡಿ, ಆ ವ್ಯತ್ಯಾಸದ 35% ಹೆಚ್ಚುವರಿಯಾಗಿ ಸಿಗುತ್ತದೆ. ಪರಿಹಾರದ ಮೇಲೆ ಇನ್ನೂ 10% ಅಂದರೆ 3,600, ಜೊತೆಗೆ ಜಾಸ್ತಿ ಬಡ್ಡಿ. ಕೊಡಿಸುವುದು ಅನ್ಯಾಯ ಅಂತ ಜಡ್ಜಿಗೆ ಅನ್ನಿಸದಿದ್ದರೆ ಇದೆಲ್ಲ ಬರುತ್ತದೆ.

ಪತ್ರವನ್ನು ಬೇಗ ಕಳಿಸಿದಷ್ಟೂ ಆ ವ್ಯತ್ಯಾಸ ದೊಡ್ಡದು. ಅದಕ್ಕೇ ಕೇಸಿನ ಶುರುವಿನಲ್ಲೇ ಕಳಿಸಿ ಅನ್ನುವುದು.

ಅವರೂ ಇದೇ ಅಸ್ತ್ರ ಬಿಡಬಹುದು. ಅವರು 37,000 ಕೊಡುತ್ತೇವೆ ಅಂದಾಗ ನೀವು ಜಂಬದಲ್ಲಿ ಬೇಡ ಅಂದು, ಕೊನೆಗೆ 36,000 ಬಂದರೆ, ಅವರ ಗಡುವು ಮುಗಿದ ದಿನದಿಂದ ಆಚೆಗಿನ ಅವರ ಖರ್ಚು ಸಾಮಾನ್ಯವಾಗಿ ನಿಮ್ಮದು. ಗೆದ್ದ ಹಣದಿಂದಲೇ ಅದು ಕಳೆದು ಬರುತ್ತದೆ. ಆ ಕಡೆಯಿಂದ ಪಾರ್ಟ್ 36 ಪತ್ರ ಬಂದ ದಿನ ಕ್ಯಾಲೆಂಡರಿನಲ್ಲಿ ಕೊನೆಯ ತಾರೀಖಿಗೆ ಕೆಂಪು ಗುರುತು ಹಾಕಿ.

ಸಾಲಿಸಿಟರ್ ಹತ್ತಿರ ಕೇಳಬೇಕಾದದ್ದು

ನಿಗದಿ ಖರ್ಚು ಅಂದರೆ ಆ ಕಡೆಯಿಂದ ವಸೂಲಾಗುವುದು ಮಾತ್ರ ನಿಗದಿ. ನಿಮ್ಮ ಸಾಲಿಸಿಟರ್ ನಿಮ್ಮಿಂದ ತಗೊಳ್ಳುವುದು ನಿಗದಿ ಅಲ್ಲ. ಕೆಲಸ ಶುರು ಮಾಡುವ ಮೊದಲು ಅವರು ಕೊಡುವ ಪತ್ರದಲ್ಲಿ, ಸಾಮಾನ್ಯವಾಗಿ ಒಳಗಿನ ಪುಟದಲ್ಲಿ, ವಸೂಲಾಗುವ ಖರ್ಚಿಗಿಂತ ನಮ್ಮ ಫೀಸು ಹೆಚ್ಚಾಗಬಹುದು, ವ್ಯತ್ಯಾಸ ನೀವು ಕೊಡಬೇಕು ಅಂತ ಒಂದು ಸಾಲು ಇರುತ್ತದೆ. ಎಲ್ಲರೂ ಸಹಿ ಹಾಕುವುದು ಆ ಪುಟ ತಿರುಗಿಸದೆಯೇ. ಕೂತು ಕೇಳಿ: ನನ್ನ ಕೇಸು ಯಾವ ಟ್ರ್ಯಾಕು, ಯಾವ ಬ್ಯಾಂಡು? ಈಗ ರಾಜಿಯಾದರೆ ಕೋಷ್ಟಕದ ಪ್ರಕಾರ ಎಷ್ಟು ಬರುತ್ತದೆ, ವಿಚಾರಣೆಗೆ ಹೋದರೆ ಎಷ್ಟು? ನಿಮ್ಮ ಫೀಸು ಎರಡೂ ಕಡೆ ಎಷ್ಟು? ಸೋತರೆ ಆ ಕಡೆಗೆ ನಾನು ಕೊಡಬೇಕಾದದ್ದು ಎಷ್ಟು? ಈ ಅಂಕಿಗಳನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಕೋಷ್ಟಕದ ಮೊತ್ತಕ್ಕೇ ಕೆಲಸ ಮಾಡಲು ಒಪ್ಪುವವರೂ ಇದ್ದಾರೆ, ಕೇಳಲು ನಾಚಿಕೆ ಬೇಡ. ಮನೆಯ ವಿಮೆಯಲ್ಲಿ ಕಾನೂನು ಖರ್ಚಿನ ರಕ್ಷಣೆ ಸೇರಿದೆಯಾ ಅಂತಲೂ ನೋಡಿ. ಎಷ್ಟೋ ಜನ ಅದಕ್ಕೆ ದುಡ್ಡು ಕಟ್ಟಿರುತ್ತಾರೆ, ಇರುವುದೇ ಗೊತ್ತಿರಲ್ಲ.

ಕ್ಲೈಮನ್ನು ಉಬ್ಬಿಸಬೇಡಿ. ಚೌಕಾಸಿಗೆ ಇರಲಿ ಅಂತ 22,000ದ ಜಗಳವನ್ನು 30,000 ಅಂತ ಬರೆಯುವವರಿದ್ದಾರೆ. ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರಕ್ಕೆ ಅದು ಸರಿ. ಇಲ್ಲಿ ಫೀಸು 1,100 ಇದ್ದದ್ದು 1,500 ಆಗುತ್ತದೆ, ಕೇಸು ಇಂಟರ್‌ಮೀಡಿಯೇಟಿಗೆ ಹತ್ತುತ್ತದೆ. ಸೋತರೆ ಆ ಕಡೆಯವರಿಗೆ ಕೊಡುವ ಖರ್ಚೂ ನೀವು ಬರೆದ ಮೊತ್ತದ ಮೇಲೆಯೇ.

ಮಲ್ಟಿ ಟ್ರ್ಯಾಕಿನ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಅಲ್ಲಿ ಕೋಷ್ಟಕ ಇಲ್ಲ. ಎರಡೂ ಕಡೆಯವರು ಮೊದಲೇ ಬಜೆಟ್ ಹಾಕಿ ಕೋರ್ಟಿನ ಒಪ್ಪಿಗೆ ಪಡೆಯುತ್ತಾರೆ, ಕೊನೆಗೆ ಬಿಲ್ಲಿನ ಸಾಲು ಸಾಲಿನ ಮೇಲೂ ಜಗಳ. ಒಬ್ಬರೇ ಹೋಗುವ ಜಾಗ ಅಲ್ಲ.

ಇನ್ನೆರಡು ಮಾತು. ಒಪ್ಪಂದದ ಹಣದ ಕೇಸಿಗೆ ಸಾಮಾನ್ಯವಾಗಿ ಆರು ವರ್ಷದ ವಾಯಿದೆ. ಕೈಗಡ ಕೊಟ್ಟವರು ಸ್ನೇಹ ಕೆಡುತ್ತದೆ ಅಂತ ಕಾಯುತ್ತಾ ಕಾಯುತ್ತಾ ಇದನ್ನು ಮೀರಿಸಿಕೊಳ್ಳುತ್ತಾರೆ. ಕೊನೆಯ ವರ್ಷದಲ್ಲಿ ಇದ್ದೀರಿ ಅಂದರೆ ಪತ್ರ ವ್ಯವಹಾರದಲ್ಲಿ ತಿಂಗಳು ಕಳೆಯಬೇಡಿ. ಮತ್ತೆ, ಎಡಿನ್‌ಬರೋದಲ್ಲೋ ಗ್ಲಾಸ್ಗೋದಲ್ಲೋ ಇರುವವರಿಗೆ ಮೇಲಿನದ್ಯಾವುದೂ ಅನ್ವಯಿಸುವುದಿಲ್ಲ. ಸ್ಕಾಟ್ಲೆಂಡಿನ ಕೋರ್ಟುಗಳೇ ಬೇರೆ. ಅಲ್ಲಿ 5,000 ಪೌಂಡ್‌ವರೆಗಿನ ಕೇಸಿಗೆ ಸಿಂಪಲ್ ಪ್ರೊಸೀಜರ್ ಅಂತ ಇದೆ, ಶೆರಿಫ್ ಕೋರ್ಟಿನಲ್ಲಿ ವಿಚಾರಿಸಿ.